ಹಳಕಾರದವರು ಕಾದುಕೊಂಡ ಕಾಡು

ಭಟ್ಕಳದಿಂದ ಹೊನ್ನಾವರ ಹಾಯ್ದು ಕುಮಟಾಕ್ಕೆ ಬರುವಾಗ ಬಲಕ್ಕೆ ಘಟ್ಟ, ಎಡಕ್ಕೆ ಕಡಲು. ನಡುವೆ ಊರಿಗೆ ತಾಗಿದ ಚಿರೆಕಲ್ಲಿನ ಗುಡ್ಡಗಳು. ಪೇಟೆಯ ಮಗ್ಗುಲಿನ ಗುಡ್ಡದಲ್ಲಿ ಮರ ಉಳಿಯುವುದು ಕಷ್ಟ. ಕಟ್ಟಿಗೆಗೆ, ಬೇಲಿಗೂಟಕ್ಕೆ, ಸೊಪ್ಪಿಗೆ ಎಲ್ಲರ ಕತ್ತಿಯೂ ಮೊದಲು ಬೀಳುವುದು ಅಲ್ಲಿಗೇ. ಕುಮಟಾ ಪಕ್ಕದ ಹಳಕಾರದಲ್ಲಿ ಮಾತ್ರ ಸುಮಾರು 219 ಎಕರೆ ಕಾಡು ಊರವರ ಕಾವಲಿನಲ್ಲೇ ಉಳಿದುಬಂದಿದೆ.

ಬ್ರಿಟಿಷ್ ಅಧಿಕಾರಿ ಕಾಲಿನ್ಸ್ 1920ರ ದಶಕದ ಆರಂಭದಲ್ಲಿ ಈ ಉತ್ತರ ಕನ್ನಡ ಜಿಲ್ಲೆಯ ಜನರ ಅರಣ್ಯ ಸೌಲಭ್ಯಗಳ ಕುರಿತು ವರದಿ ಬರೆದಾಗ, ಹಳಕಾರ, ಚಿತ್ರಗಿ, ಕಲ್ಲಬ್ಬೆಯ ಜನ ತಾವಾಗಿಯೇ ಕಾಡು ಕಾಯುತ್ತಿದ್ದುದನ್ನು ಮೆಚ್ಚಿದ್ದ. 1924ರಲ್ಲಿ ಹಳಕಾರದ ಗ್ರಾಮ ಅರಣ್ಯ ಪಂಚಾಯತಿ ರೂಪುಗೊಂಡಿತು. ಏರ್ಪಾಡು ಸರಳ: ಊರವರೇ ಆರಿಸಿದ ಸಮಿತಿ, ಸಮಿತಿ ನೇಮಿಸಿದ ಕಾವಲುಗಾರ, ಬಳಸುವವರಿಂದ ಸಣ್ಣ ಶುಲ್ಕ.

ಕಾಡು ಇಲ್ಲಿ ದಿನದ ಬದುಕಿನೊಳಗಿನದು. ಎಲೆ ಉದುರುವ ಹೊತ್ತಿಗೆ ಕರಾವಳಿಯ ಹೆಂಗಸರು ದರಕು, ಅಂದರೆ ಒಣಗಿದ ಎಲೆ, ಗುಡಿಸಿ, ಒತ್ತಿ ತುಂಬಿ, ತಲೆಹೊರೆಯಲ್ಲಿ ಕೊಟ್ಟಿಗೆಗೆ ತರುತ್ತಾರೆ. ದನದ ಕಾಲಡಿ ಸಗಣಿ ಗಂಜಲದಲ್ಲಿ ನೆನೆದು ಅದೇ ಗೊಬ್ಬರವಾಗಿ ಗದ್ದೆಗೆ ಹೋಗುತ್ತದೆ. ಗುಡ್ಡ ಬೋಳಾದರೆ ಮರುವರ್ಷವೇ ಗದ್ದೆ ಬಡವಾಗುತ್ತದೆಂಬುದು ಇವರಿಗೆ ಗೊತ್ತು. ಕಾಡು ಉಳಿದಿದ್ದು ಈ ಲೆಕ್ಕಾಚಾರದಿಂದ ಎಂದೇ ನನ್ನ ನಂಬಿಕೆ; ಭಾಷಣದಿಂದ ಅಲ್ಲ.

1979ರಲ್ಲಿ ರಾಜ್ಯ ಸರ್ಕಾರ ಇಂಥ ಪಂಚಾಯತಿಗಳನ್ನು ರದ್ದುಪಡಿಸಲು ಮುಂದಾಯಿತು. ಹಳಕಾರದವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಅಧಿಕಾರಿಗಳ ಮುಂದೆ ಕೈಕಟ್ಟಿ ನಿಲ್ಲುವುದೇ ರೂಢಿಯಾಗಿದ್ದ ಕಾಲದಲ್ಲಿ ಒಂದು ಹಳ್ಳಿ ಸರ್ಕಾರದ ವಿರುದ್ಧವೇ ದಾವೆ ಹೂಡುವುದು ಸಣ್ಣ ಧೈರ್ಯವಲ್ಲ. ಹೀಗೆ ಎಲ್ಲರಿಗೂ ಸೇರಿದ ಆಸ್ತಿ ಹಾಳಾಗಿಯೇ ತೀರುತ್ತದೆಂದು ಅಮೆರಿಕದ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಬಳಸುವವರೇ ನಿಯಮ ಮಾಡಿಕೊಂಡರೆ ಅದು ಉಳಿಯುತ್ತದೆಂದು ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಷ್ಟರಲ್ಲಿ ಹಳಕಾರದ ಪಂಚಾಯತಿಗೆ 85 ವರ್ಷ ತುಂಬಿತ್ತು.

ಈಗ ಮನೆಮನೆಗೆ ಗ್ಯಾಸ್ ಬಂದಿದೆ, ಕೊಟ್ಟಿಗೆಗಳು ಖಾಲಿಯಾಗುತ್ತಿವೆ. ಕಟ್ಟಿಗೆ, ದರಕು ಬೇಡವಾದ ಮನೆಯ ಮಕ್ಕಳು ಪಂಚಾಯತಿ ಸಭೆಗೆ ಬಂದಾರೇ ಎಂಬ ಚಿಂತೆ ನನ್ನದು. ಬರಲೇಬೇಕು, ಏಕೆಂದರೆ ಕಡಲಂಚಿನಲ್ಲಿ ಬೇಸಿಗೆಗೆ ಬಾವಿ ನೀರು ಉಪ್ಪಾಗುತ್ತದೆ. ಮಳೆನೀರನ್ನು ನೆಲಕ್ಕಿಳಿಸುವುದು ಗುಡ್ಡದ ಮೇಲಿನ ಈ ಮರಗಳೇ. ಭಟ್ಕಳ, ಹೊನ್ನಾವರದ ಹಳ್ಳಿಗಳೂ ಹಳಕಾರದ ದಾರಿ ಹಿಡಿಯಬಹುದು. ತಲೆಮಾರುಗಳಿಂದ ಕಾಯ್ದುಕೊಂಡ ಕಾಡನ್ನು ಮುಂದೆಯೂ ಕಾಯುವ, ನಿರ್ವಹಿಸುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿ ಸಮುದಾಯಗಳಿಗೆ ಕೊಟ್ಟಿದೆ. ಅದಕ್ಕೆ ಅರ್ಜಿ ಸಲ್ಲಿಸಬೇಕಾದದ್ದು ಆಯಾ ಊರಿನ ಗ್ರಾಮಸಭೆಗೇ.