ಮೂರು ತಾಸಿನ ದೂರ, ಮೂರು ಕಾಲದ ಬೀದರ್

ಹೈದರಾಬಾದಿನ ಐಟಿ ಆಫೀಸುಗಳಲ್ಲಿ ‘ನಾರ್ತ್ ಕಡೆ ಹೋಗೋಣ’ ಎಂದರೆ ಮನಾಲಿ, ಶ್ರೀನಗರ, ಲೇಹ್ ಎಂದೇ ಅರ್ಥ. ವಿಮಾನದ ಟಿಕೆಟ್, ಹೋಟೆಲ್, ಉಣ್ಣೆಬಟ್ಟೆ ಎಂದು ಆರು ತಿಂಗಳ ಉಳಿತಾಯ ಐದು ದಿನದಲ್ಲಿ ಕರಗುತ್ತದೆ. ನಾನು ಹಾಸನ ಜಿಲ್ಲೆಯವನು. ಎಂಟೆಕ್ ಮುಗಿಸಿ ಇಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷವಾಯಿತು. ನಮ್ಮ ಮನೆಯಲ್ಲಿ ‘ಉತ್ತರ’ ಎಂದರೆ ಈಗ ಬೀದರ್. ಕರ್ನಾಟಕದ ಉತ್ತರ ತುದಿ ಔರಾದ್ ತಾಲ್ಲೂಕು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಜಿಲ್ಲೆ. ಬೆಂಗಳೂರಿನವರಿಗೆ ಅದು ಇಡೀ ರಾತ್ರಿಯ ಪ್ರಯಾಣ. ಹೈದರಾಬಾದಿನಿಂದ ಸುಮಾರು 140 ಕಿ.ಮೀ., ಮೂರು ತಾಸು.

ಸಂಗಾರೆಡ್ಡಿ, ಸದಾಶಿವಪೇಟ ದಾಟಿ, ಜಹೀರಾಬಾದಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಸ್ವಲ್ಪ ಹೊತ್ತಿಗೆ ಬೋರ್ಡುಗಳು ಕನ್ನಡಕ್ಕೆ ತಿರುಗುತ್ತವೆ. 1956ರವರೆಗೆ ಅಲ್ಲಿ ಈ ಗಡಿ ಇರಲಿಲ್ಲ. ಜಹೀರಾಬಾದ್, ನಾರಾಯಣಖೇಡ್, ಉದಗೀರ್, ನಿಲಂಗಾ ಎಲ್ಲವೂ ಬೀದರ್ ಜಿಲ್ಲೆಯಲ್ಲೇ ಇದ್ದವು. ಆ ನವೆಂಬರ್ 1ರಂದು ಒಂದೇ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಮಾಂಜ್ರಾ ನದಿಗೆ ಮಾತ್ರ ಗಡಿಯ ಹಂಗಿಲ್ಲ. ಬೀದರ್ ಜಿಲ್ಲೆ ಹಾದು ಬಂದ ಅದರ ನೀರು ಸಿಂಗೂರು ಜಲಾಶಯದಲ್ಲಿ ನಿಂತು ಹೈದರಾಬಾದಿನ ನಲ್ಲಿಗಳಿಗೂ ಬರುತ್ತದೆ.

ಬೀದರನ್ನು ಒಂದೇ ಸಲಕ್ಕೆ ನೋಡಿ ಮುಗಿಸುವ ಯೋಚನೆ ಬೇಡ. ಒಂದೊಂದು ಕಾಲಕ್ಕೆ ಒಂದೊಂದು ಬೀದರ್ ಇದೆ.

ಮಳೆಗಾಲ: ಕೋಟೆಗೆ

ಊರು ಇರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಆಗಸ್ಟ್ ಹೊತ್ತಿಗೆ ಕೆಂಪು ಗೋಡೆಗಳ ನಡುವೆ ಹಸಿರು ಏಳುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾ 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಬಂಡೆಯಲ್ಲೇ ಕೊರೆದ ಮೂರು ಸಾಲಿನ ಕಂದಕವನ್ನು ನೋಡಲು ಮಳೆಗಾಲವೇ ಸರಿ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲಿಗೆ ಬೀಗ ಹಾಕಿರುವುದುಂಟು. ಕೋಟೆಯೊಳಗಿನ ಮ್ಯೂಸಿಯಂ ಸಿಬ್ಬಂದಿಯನ್ನು ವಿಚಾರಿಸಿ. ಊರೊಳಗೆ 1472ರ ಮಹಮೂದ್ ಗವಾನ್ ಮದರಸಾ, ಹೊರಗೆ ಅಷ್ಟೂರಿನ ಗೋರಿಗಳು. ಅಲ್ಲಿ ಸಿಡಿಲು ಬಡಿದು ಸೀಳಿದ ಹುಮಾಯೂನ್ ಸುಲ್ತಾನನ ಗೋರಿ ಅರ್ಧಕ್ಕೆ ಕೊಯ್ದ ಹಣ್ಣಿನಂತೆ ನಿಂತಿದೆ.

ಬಿದ್ರಿ ಕೆಲಸದವರ ಅಂಗಡಿಗೂ ಹೋಗಿ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆ ಮಣ್ಣು ಮಳೆ, ಬಿಸಿಲು ಎರಡೂ ತಾಗದ ಜಾಗದ್ದೇ ಆಗಬೇಕು. ನಮಗೆ ಅದನ್ನು ತೋರಿಸಿದ ಕುಶಲಕರ್ಮಿ ನನ್ನ ಜೊತೆ ಕನ್ನಡ, ಮಗನ ಜೊತೆ ದಖನಿ, ಫೋನಿನಲ್ಲಿ ಮರಾಠಿ ಮಾತಾಡಿದರು. ನನ್ನ ಎಂಟು ವರ್ಷದ ಮಗಳನ್ನು ತೆಲುಗಿನಲ್ಲಿ ಹೆಸರು ಕೇಳಿದರು.

ಚಳಿಗಾಲ: ಹೊಲಕ್ಕೆ

ರಾಜ್ಯದಲ್ಲಿ ಅತಿ ಕಡಿಮೆ ತಾಪಮಾನ ದಾಖಲಾಗುವ ಊರುಗಳಲ್ಲಿ ಬೀದರ್ ಹೆಸರು ಮತ್ತೆ ಮತ್ತೆ ಬರುತ್ತದೆ. ಸ್ವೆಟರ್ ಇರಲಿ. ನವೆಂಬರಿನ ಗುರುನಾನಕ್ ಜಯಂತಿ ಹೊತ್ತಿಗೆ ನಾನಕ್ ಝೀರಾ ಗುರುದ್ವಾರಕ್ಕೆ ದೂರದಿಂದ ಭಕ್ತರು ಬರುವುದರಿಂದ ರೂಮನ್ನು ಮೊದಲೇ ನೋಡಿಕೊಳ್ಳಿ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿ ದೇವಾಲಯದ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯಿದ್ದಾಳೆ. ಅಕ್ಷರ ಕಲಿಯುವ ಮಕ್ಕಳಿಗೆ ತಪ್ಪದೆ ತೋರಿಸಿ.

ಆದರೆ ಚಳಿಗಾಲದ ನಿಜವಾದ ದಿನ ಎಳ್ಳ ಅಮಾವಾಸ್ಯೆ. ಬೀದರ್ ಕಡೆಯ ಸಹೋದ್ಯೋಗಿ ನಮ್ಮನ್ನು ತಮ್ಮ ಹೊಲಕ್ಕೆ ಕರೆದಿದ್ದರು. ಜೋಳದ ಬೆಳೆಯ ನಡುವೆ ಪೂಜೆ, ಚರಗ ಚೆಲ್ಲುವುದು, ಆಮೇಲೆ ನೆಲದ ಮೇಲೆ ಊಟ: ಸಜ್ಜೆ ರೊಟ್ಟಿ, ಅಂಬಲಿ, ಹಸಿಕಾಳು–ಸೊಪ್ಪುಗಳ ಭಜ್ಜಿ.

ನನ್ನ ಮಗಳು ಹುಟ್ಟಿ ಬೆಳೆದದ್ದು ಹೈದರಾಬಾದಿನಲ್ಲಿ. ‘ಅಪ್ಪಾ, ಅಕ್ಕಡ ಹೋಗೋಣ’ ಎನ್ನುವ ಕನ್ನಡ ಅವಳದು. ಹಾಸನದಲ್ಲಿ ದೊಡ್ಡಪ್ಪನ ಮಕ್ಕಳು ನಕ್ಕ ಮೇಲೆ ಅಜ್ಜಿ ಮನೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಳು. ಅಜ್ಜಿ ಫೋನ್ ಮಾಡಿದರೆ ಹೂಂ, ಉಹೂಂ ಅಷ್ಟೆ. ಆ ಹೊಲದಲ್ಲಿ ಮನೆಯ ಹಿರಿಯಮ್ಮ ‘ಯವ್ವಾ, ಇನ್ನಾ ಜರಾ ಭಜ್ಜಿ ತಗೋ’ ಎಂದರು. ಮಗಳು ‘ಚಾಲು ಅಜ್ಜಿ, ಹೊಟ್ಟೆ ತುಂಬಿತು’ ಎಂದಳು. ಯಾರೂ ನಗಲಿಲ್ಲ. ನಗಲು ಅಲ್ಲಿ ಕಾರಣವೇ ಇರಲಿಲ್ಲ. ಅಜ್ಜಿಯ ‘ಜರಾ’ ದಖನಿಯದು, ಮೊಮ್ಮಗಳ ‘ಚಾಲು’ ತೆಲುಗಿನದು, ನಡುವಿನದೆಲ್ಲ ಕನ್ನಡ. ಸಂಜೆಯವರೆಗೆ ಅವಳು ಆ ಮನೆಯ ಮಕ್ಕಳ ಜೊತೆ ಬಾಯ್ತುಂಬ ಮಾತಾಡಿದಳು.

ಬೇಸಿಗೆ: ನೀರಿಗೆ

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಹತ್ತರೊಳಗೆ ಸುತ್ತಾಟ ಮುಗಿಸಬೇಕು. ಬಿಸಿಲಿನ ಊರು ನೀರು ಹೇಗೆ ಉಳಿಸಿತು ಎಂದು ತಿಳಿಯಲು ಇದೇ ಕಾಲ. ನೌಬಾದಿನ ಕರೇಜ್ ಪರ್ಷಿಯಾದ ತಂತ್ರ: ನೆಲದಡಿ ಕಾಲುವೆ, ಮೇಲೆ ಸಾಲಾಗಿ ಗಾಳಿಬಾವಿಗಳು. ಇಳಿಜಾರಿನ ಬಲದಿಂದಲೇ ನೀರು ಹರಿಯುತ್ತದೆ, ಬಿಸಿಲಿಗೆ ಸಿಕ್ಕಿ ಆವಿಯಾಗುವುದಿಲ್ಲ. ಝರಣಿ ನರಸಿಂಹ ಗುಹೆಯಲ್ಲಿ ದೇವರ ದರ್ಶನಕ್ಕೆ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು. ಒಳಗೆ ಗಾಳಿ ಕಡಿಮೆ. ಉಬ್ಬಸವಿರುವ ನಮ್ಮಮ್ಮ ಹೊರಗಿನಿಂದಲೇ ಕೈಮುಗಿದರು. ಕೆಲವೊಮ್ಮೆ ಪ್ರವೇಶ ನಿಲ್ಲಿಸಿರುತ್ತಾರೆ, ವಿಚಾರಿಸಿಯೇ ಹೊರಡಿ. ಬಸವ ಜಯಂತಿ ಬರುವುದೂ ಈ ಕಾಲದಲ್ಲೇ. ಅಂದು ಬಸವಕಲ್ಯಾಣದಲ್ಲಿ ಇರುವುದಾದರೆ ಬೀದರಿನಿಂದ ಇನ್ನೂ ಸುಮಾರು 80 ಕಿ.ಮೀ. ಲೆಕ್ಕ ಹಾಕಿಕೊಳ್ಳಿ.

ಮೂರೂ ಪ್ರವಾಸಕ್ಕೆ ಶನಿವಾರ, ಭಾನುವಾರ ಸಾಕು, ರಜೆ ಅರ್ಜಿ ಬೇಕಿಲ್ಲ. ಎಳ್ಳ ಅಮಾವಾಸ್ಯೆಗೆ ಮಾತ್ರ ಪಂಚಾಂಗ ನೋಡಿ ಒಂದು ದಿನ ತೆಗೆದಿಡಬೇಕು. ಈ ಸಲ ಅದಕ್ಕೆ ಹಾಸನದಿಂದ ಅಣ್ಣನ ಮಕ್ಕಳೂ ಬರುತ್ತಿದ್ದಾರೆ. ಅಲ್ಲಿಯ ಮಾತು ಅವರಿಗೆ ಅರ್ಥವಾಗದೆ ಹೋದರೆ ಹೇಳಿಕೊಡಲು ನಮ್ಮ ಮಗಳು ಈಗಲೇ ತಯಾರಾಗಿದ್ದಾಳೆ.