ದೋಣಿ ಪಕ್ಕಕ್ಕೂ ಸರಿಯಬೇಕು

ಕಯಾಕ್ ಹತ್ತಿದವರೆಲ್ಲ ಮೊದಲು ಕಲಿಯುವುದು ಮುಂದಕ್ಕೆ ಹುಟ್ಟು ಹಾಕುವುದನ್ನು. ಫೋಟೊದಲ್ಲೂ ಅದೇ ಚೆನ್ನಾಗಿ ಕಾಣುತ್ತದೆ ಬಿಡಿ. ಆದರೆ ಜೊತೆಗಿದ್ದ ಗೆಳೆಯನ ದೋಣಿ ಮಗುಚಿ, ಅವನು ಲೈಫ್ ಜಾಕೆಟ್‌ನಲ್ಲಿ ತೇಲುತ್ತಾ ಕೈ ಚಾಚಿದಾಗ ಆ ವಿದ್ಯೆ ಸಾಲದು. 4 ಅಡಿ ಆಚೆ ಇರುವವನ ಬಳಿಗೆ ಸುತ್ತು ಹಾಕಿ ಬರುವಷ್ಟರಲ್ಲಿ ಗಾಳಿ ಇಬ್ಬರನ್ನೂ ಬೇರೆ ಮಾಡಿರುತ್ತದೆ. ಅವಸರದಲ್ಲಿ ನುಗ್ಗಿದರೆ ದೋಣಿಯ ಮೂತಿ ಅವನಿಗೇ ಬಡಿಯಬಹುದು. ಆಗ ಬೇಕಾಗುವುದು ದೋಣಿಯನ್ನು ಇದ್ದ ಹಾಗೆಯೇ ಪಕ್ಕಕ್ಕೆ ಸರಿಸುವ ‘ಡ್ರಾ ಸ್ಟ್ರೋಕ್’.

ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ದೊಡ್ಡಬಳ್ಳಾಪುರದ ಕಡೆ ಹರಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವು. ದೋಣಿ ತೇಲಿಸುವಷ್ಟು ನೀರನ್ನು ಮಾತ್ರ ನಾನು ಅದರಲ್ಲಿ ಕಂಡಿಲ್ಲ. ಹಾಗಾಗಿ ಇದನ್ನು ಕಲಿತದ್ದು ದೂರದ ಸಾಗರ ತಾಲ್ಲೂಕಿನ ಹೊನ್ನೆಮರಡುವಿನಲ್ಲಿ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ. ಮುಳುಗಿದ ಕಾಡಿನ ಒಣ ಬೊಡ್ಡೆಗಳು ಆ ಹಿನ್ನೀರಿನಲ್ಲಿ ಇನ್ನೂ ತಲೆ ಎತ್ತಿ ನಿಂತಿವೆ. ಅಡ್ಡಗಾಳಿ ದೋಣಿಯನ್ನು ಬೊಡ್ಡೆಯತ್ತ ತಳ್ಳಿದಾಗಲೂ ಕಾಪಾಡುವುದು ಇದೇ.

ಸೊಂಟದಿಂದ ಮೇಲಿನ ಮೈಯನ್ನು ಹೋಗಬೇಕಾದ ಬದಿಗೆ ತಿರುಗಿಸಿ. ಹುಟ್ಟಿನ ಅಲಗನ್ನು ಸೊಂಟದ ನೇರಕ್ಕೆ, ಸುಮಾರು 2 ಅಡಿ ಆಚೆ ಪೂರ್ತಿ ಮುಳುಗಿಸಿ. ಅಲಗಿನ ಒಳಮೈ ನಿಮ್ಮತ್ತ ಇರಲಿ. ಬಹಳಷ್ಟು ಜನ ಎಡವುವುದು ಮೇಲಿನ ಕೈಯಲ್ಲಿ. ಅದು ಎದೆಯ ಮುಂದೆಯೇ ಉಳಿದರೆ ಕೋಲು ವಾಲುತ್ತದೆ, ಅರ್ಧ ಶಕ್ತಿ ನೀರನ್ನು ಮೇಲೆತ್ತುವುದಕ್ಕೇ ಹೋಗುತ್ತದೆ. ಎರಡೂ ಕೈ ದೋಣಿಯ ಅಂಚು ದಾಟಿ ನೀರಿನ ಮೇಲಿರಬೇಕು, ಕೋಲು ನೆಟ್ಟಗೆ ನಿಲ್ಲಬೇಕು. ಈಗ ಎಳೆಯಿರಿ. ಅಲಗು ಬರುವುದಕ್ಕಿಂತ ಹೆಚ್ಚಾಗಿ ದೋಣಿಯೇ ಅಲಗಿನ ಬಳಿಗೆ ಹೋಗುತ್ತದೆ. ಒಂದು ಗೇಣು ಉಳಿದಾಗ ನಿಲ್ಲಿಸಿ, ಮಣಿಕಟ್ಟು ತಿರುಗಿಸಿ ಅಲಗನ್ನು 90 ಡಿಗ್ರಿ ಹೊರಳಿಸಿ, ಚಾಕುವಿನಂತೆ ನೀರು ಸೀಳುತ್ತಾ ಮತ್ತೆ ಆಚೆ ಒಯ್ಯಿರಿ. ನಿಲ್ಲಿಸದೆ ಎಳೆದರೆ ಅಲಗು ದೋಣಿಯಡಿ ಸಿಕ್ಕಿಕೊಳ್ಳುತ್ತದೆ. ಗೆಳೆಯನನ್ನು ಎತ್ತಲು ಹೋದವರು ತಾವೇ ನೀರಿಗೆ!

ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಅಂಕಕ್ಕಾಗಿ ಓದಿದ ‘ಮೊಮೆಂಟ್’ ನನಗೆ ಅರ್ಥವಾದದ್ದು ಇಲ್ಲಿ. ಎಳೆತ ದೋಣಿಯ ನಡುವಿಗಿಂತ ಮುಂದೆ ಬಿದ್ದರೆ ಮೂತಿ ತಿರುಗುತ್ತದೆ, ಹಿಂದೆ ಬಿದ್ದರೆ ಬಾಲ. ಮೂತಿ ಅಲಗಿನತ್ತ ಓಡುತ್ತಿದ್ದರೆ ಅಲಗನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿದರೆ ಸಾಕು. ಆ ನಡು ಎಲ್ಲಿದೆ ಎಂಬುದು ದೋಣಿಯಿಂದ ದೋಣಿಗೆ ಬೇರೆ, ಹುಡುಕಿಯೇ ತಿಳಿಯಬೇಕು.

ಹಂಪಿಯ ಹರಿಗೋಲಿನಲ್ಲಿ ಕುಳಿತಿದ್ದೀರಾ? ದುಂಡಗಿನ ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಅಂಬಿಗರು ಹುಟ್ಟನ್ನು ಮುಂದೆ ಇಳಿಸಿ ತಮ್ಮತ್ತ ಎಳೆದುಕೊಳ್ಳುತ್ತಾರೆ. ಹೆಸರು ಇಂಗ್ಲಿಷಿನದ್ದಾದರೂ ಕೆಲಸ ಇದೇ.

ಕಯಾಕ್ ಸಿಗದ ದಿನಗಳಲ್ಲಿ ನಾನು ಮನೆಯಲ್ಲಿ ಕಾಲು ಚಾಚಿ ಕುಳಿತು, ಜೇಡರಬಲೆ ತೆಗೆಯುವ ಕೋಲು ಹಿಡಿದು ಮೈ ತಿರುಗಿಸುವುದನ್ನು ಅಭ್ಯಾಸ ಮಾಡುತ್ತೇನೆ. ಬಲಕ್ಕೆ ಈಗ ಸರಾಗ. ಎಡಕ್ಕೆ ಕೋಲು ಇನ್ನೂ ವಾಲುತ್ತದೆ. ಸೆಮಿಸ್ಟರ್ ರಜೆಯಲ್ಲಿ ಹೊನ್ನೆಮರಡುವಿಗೆ ಹೋದರೆ ಮೊದಲು ಎಡಗಡೆಯದ್ದೇ ಕೆಲಸ.