ಪೋಡಿನವರಿಗೆ ಕಾಯಿಲೆ ತಿಳಿಯದೇ?

ತಪ್ಪು ಕಲ್ಪನೆ: ಕಾಡಿನ ಜನಕ್ಕೆ ಎಷ್ಟು ಹೇಳಿದರೂ ಅಷ್ಟೆ.

ಸತ್ಯ: ಯಾರು ಹೇಳುತ್ತಾರೆ ಅನ್ನುವುದನ್ನು ನೋಡಬೇಕು. 1981ರಲ್ಲಿ ಡಾ. ಎಚ್. ಸುದರ್ಶನ್ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದ ಹೊಸತರಲ್ಲಿ ಅಲ್ಲಿನ ಕಾಡಿನ ಜನರಾದ ಸೋಲಿಗರು ಡಾಕ್ಟರನ್ನು ಕಂಡರೆ ದೂರ ಸರಿಯುತ್ತಿದ್ದರು. ಮುಂದೆ ಅವರದೇ ಹೆಣ್ಣುಮಕ್ಕಳು ತರಬೇತಿ ಪಡೆದು ದಾದಿಯರಾಗಿ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಬಂದರು. ಮನೆಮಗಳು ಹೇಳಿದ್ದನ್ನು ಯಾರು ತಳ್ಳಿಹಾಕುತ್ತಾರೆ?

ತಪ್ಪು ಕಲ್ಪನೆ: ಗಂಡ ಹೆಂಡತಿಯ ಕುಲ ಬೇರೆಯಾದರೆ ಸಿಕಲ್ ಸೆಲ್ ಅನೀಮಿಯಾ ಎಂಬ ರಕ್ತದ ಕಾಯಿಲೆ ಮಕ್ಕಳಿಗೆ ಬರುವುದಿಲ್ಲ.

ಸತ್ಯ: ಸೋಲಿಗರು ಸ್ವಂತ ಕುಲದೊಳಗೆ ಹೆಣ್ಣು ತರುವುದಿಲ್ಲ, ಒಳ್ಳೆಯ ಪದ್ಧತಿಯೇ. ಆದರೆ ರಕ್ತಕ್ಕೆ ಕುಲ ಗೊತ್ತಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ರೋಗದ ಗುಣವನ್ನು ಒಂದೇ ಪಾಲು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ‘ಮೊದಲನೆಯದಕ್ಕೆ ಬಂತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ’ ಎಂಬ ಲೆಕ್ಕ ಇಲ್ಲಿ ನಡೆಯದು. ಇದು ಅಂಟುಜಾಡ್ಯವಲ್ಲ, ದೇವರ ಮುನಿಸೂ ಅಲ್ಲ. ವಾಹಕರು ರೋಗಿಗಳೂ ಅಲ್ಲ. ರಕ್ತ ತಪಾಸಣೆಯ ಕಾರ್ಡಿನಲ್ಲಿ ‘ವಾಹಕ’ ಎಂದು ಕಂಡ ಮಾತ್ರಕ್ಕೆ ಮದುವೆ ಮುರಿಯುವುದು ಅನ್ಯಾಯ, ಎರಡೂ ಕಡೆಯ ರಕ್ತ ನೋಡಿದರೆ ಸಾಕು. ಮಲೇರಿಯಾ ಕಾಡಿದ ಸೀಮೆಗಳಲ್ಲಿ ವಾಹಕರಿಗೆ ಆ ಜ್ವರದಿಂದ ಒಂದಿಷ್ಟು ರಕ್ಷಣೆ ಸಿಕ್ಕಿದ್ದರಿಂದಲೇ ಈ ಗುಣ ತಲೆಮಾರುಗಳಿಂದ ಉಳಿದು ಬಂದಿದೆ. 2023ರ ಜುಲೈ 1ರಂದು ಈ ರೋಗದ ವಿರುದ್ಧ ಶುರುವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ಕಾರ್ಡು ಹಂಚಿದರಷ್ಟೇ ಸಾಲದು, ಅದನ್ನು ಓದಿ ಬಿಡಿಸಿ ಹೇಳುವವರು ಬೇಕು.

ತಪ್ಪು ಕಲ್ಪನೆ: ಈ ಬೆಟ್ಟಗಳಲ್ಲಿ ಇರುವವರೆಲ್ಲ ಸೋಲಿಗರು, ಒಂದು ಕನ್ನಡ ಪೋಸ್ಟರ್ ಅಂಟಿಸಿದರೆ ಆಯಿತು.

ಸತ್ಯ: ಹನೂರು ತಾಲ್ಲೂಕಿನಲ್ಲಿ ಬೇಡಗಂಪಣ ಸಮುದಾಯದವರಿದ್ದಾರೆ, ಗಡಿಯ ಹಳ್ಳಿಗಳಲ್ಲಿ ತಮಿಳು ಮನೆಮಾತಿನವರಿದ್ದಾರೆ, ಒಡೆಯರಪಾಳ್ಯದಲ್ಲಿ ಟಿಬೆಟಿಯನ್ನರಿದ್ದಾರೆ. ಅಕ್ಷರ ಬಾರದ ಅಜ್ಜಿಯರು ಎಲ್ಲ ಕಡೆಯೂ ಇದ್ದಾರೆ. ಪೋಸ್ಟರ್ ಅಂಟಿಸಿದವರಿಗೆ ಸಮಾಧಾನ, ಅಷ್ಟೆ.

ತಪ್ಪು ಕಲ್ಪನೆ: ಹೆರಿಗೆಗೆ ತಡವಾಗಿ ಬರುವುದು ಮೌಢ್ಯದಿಂದ.

ಸತ್ಯ: ಅದೇ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡೊಳಗಿನ ಊರುಗಳಿಂದ ಬಸುರಿಯರನ್ನು ಡೋಲಿ ಕಟ್ಟಿ ಹೊತ್ತು ತಂದ ಸುದ್ದಿಗಳು ಹಳತಾಗಿಲ್ಲ. ಆಂಬುಲೆನ್ಸ್ ಕರೆಯಬೇಕೆಂದು ಅವರಿಗೆ ಗೊತ್ತು. ಅದು ಬರುವ ದಾರಿಯಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿನ ಇಂಡಿಗನತ್ತ ಗ್ರಾಮದವರು ಮತದಾನ ಬಹಿಷ್ಕರಿಸಿ, ಗಲಾಟೆಯಲ್ಲಿ ಮತಗಟ್ಟೆ ಧ್ವಂಸವಾಗಿ ಮರುಮತದಾನ ನಡೆಯಿತಲ್ಲ, ಆಗಲೂ ಅವರು ಕೇಳಿದ್ದು ರಸ್ತೆಯಂಥ ಮೂಲಸೌಕರ್ಯವನ್ನೇ.